ಜನವರಿಯಲ್ಲೂ ಹರಿಯುವ ರಾಜಕಾಲುವೆ: ಬೆಂಗಳೂರಿನ ಕೆರೆಗಳನ್ನು ಎಲ್ಲಿಂದ ಸರಿಪಡಿಸಬೇಕು?

ಮಳೆನೀರಿಗಾಗಿ ಇರುವ ಕಾಲುವೆ ಮಳೆಯಿಲ್ಲದ ದಿನಗಳಲ್ಲಿ ಒಣಗಿರಬೇಕು. ಬೆಂಗಳೂರಿನಲ್ಲಿ ಜನವರಿ, ಫೆಬ್ರವರಿ ತಿಂಗಳುಗಳಲ್ಲಿ ಮಳೆ ಬೀಳುವುದೇ ಅಪರೂಪ. ಆದ್ದರಿಂದ ಆ ದಿನಗಳಲ್ಲಿ ಯಾವುದಾದರೂ ರಾಜಕಾಲುವೆಯ ಸೇತುವೆಯ ಮೇಲೆ ನಿಂತು ಕೆಳಗೆ ನೋಡಿದವರಿಗೆ ಆ ಕಣಿವೆಯ ಸ್ಥಿತಿ ತಿಳಿಯಲು ಪ್ರಯೋಗಾಲಯದ ವರದಿ ಬೇಕಾಗುವುದಿಲ್ಲ. ಶಾಂತಿನಗರದಲ್ಲಿ, ಕೋರಮಂಗಲದಲ್ಲಿ, ಮೈಸೂರು ರಸ್ತೆಯ ಪಕ್ಕದಲ್ಲಿ ಕಪ್ಪು ನೀರು ವರ್ಷವಿಡೀ ಹರಿಯುತ್ತಲೇ ಇರುತ್ತದೆ. ಅದು ಮನೆಗಳ ಬಚ್ಚಲು, ಅಡುಗೆಮನೆ, ಶೌಚಾಲಯಗಳಿಂದ ಹೊರಟು ಒಳಚರಂಡಿಯಲ್ಲಿ ಸಾಗಬೇಕಾಗಿದ್ದ ನೀರು. ನಗರದ ಕೆರೆಗಳ ಕುರಿತು ಎರಡು ದಶಕಗಳಿಂದ ನಡೆದಿರುವ ಚರ್ಚೆ, ಮೊಕದ್ದಮೆ ಮತ್ತು ಕಾಮಗಾರಿಗಳಲ್ಲಿ ಹೆಚ್ಚಿನವು ಕೆರೆಯ ಅಂಗಳದೊಳಗೇ ನಡೆದಿವೆ: ಹೂಳು ತೆಗೆಯುವುದು, ಬೇಲಿ ಹಾಕುವುದು, ನಡಿಗೆಪಥ ಕಟ್ಟುವುದು, ಕಾರಂಜಿ ಹಾಯಿಸುವುದು. ಕೆರೆಗೆ ಬರುವ ನೀರು ಮಾತ್ರ ಬಹುತೇಕ ಹಾಗೆಯೇ ಉಳಿದಿದೆ. ಕೆರೆಯ ಸಮಸ್ಯೆ ಹುಟ್ಟುವುದು ಕಾಲುವೆಯಲ್ಲಿ, ಕಾಲುವೆಯದು ಹುಟ್ಟುವುದು ಬೀದಿಯಲ್ಲಿ ಎನ್ನುವುದಾದರೆ, ಖರ್ಚಿನ ಕ್ರಮವೂ ಬೀದಿಯಿಂದ ಶುರುವಾಗಿ ಕೆರೆಯಲ್ಲಿ ಕೊನೆಗೊಳ್ಳಬೇಕು. ನಾವು ಈವರೆಗೆ ನಡೆದಿರುವುದು ಇದಕ್ಕೆ ತಿರುಗುಮುರುಗಾಗಿ.

ಬೆಂಗಳೂರು ನದಿ ದಡದ ಊರಲ್ಲ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದ ದಿಣ್ಣೆಯ ಮೇಲೆ ಕುಳಿತಿರುವ ಈ ಊರಿನಿಂದ ನೀರು ಹೊರಗೆ ಹರಿದು ಹೋಗುತ್ತದೆಯೇ ಹೊರತು ಒಳಗೆ ಹರಿದು ಬರುವುದಿಲ್ಲ. ಪೂರ್ವಕ್ಕೆ ಇಳಿಯುವ ಹೆಬ್ಬಾಳ ಕಣಿವೆ ಹಾಗೂ ಕೋರಮಂಗಲ–ಚಲ್ಲಘಟ್ಟ ಕಣಿವೆಗಳ ನೀರು ದಕ್ಷಿಣ ಪಿನಾಕಿನಿಯನ್ನು ಸೇರಿ ತಮಿಳುನಾಡಿಗೆ ಹೋಗುತ್ತದೆ. ಪಶ್ಚಿಮಕ್ಕೆ ಇಳಿಯುವ ವೃಷಭಾವತಿ ಕಣಿವೆಯ ನೀರು ಅರ್ಕಾವತಿಯ ಮೂಲಕ ಕಾವೇರಿಯನ್ನು ಕೂಡುತ್ತದೆ. ಹೀಗೆ ಓಡಿ ಹೋಗುವ ನೀರನ್ನು ಹಂತಹಂತವಾಗಿ ತಡೆದು ನಿಲ್ಲಿಸಲೆಂದೇ ಹಿಂದಿನವರು ಕಣಿವೆಗೆ ಅಡ್ಡಲಾಗಿ ಏರಿ ಹಾಕಿ ಸರಣಿ ಕೆರೆಗಳನ್ನು ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕಾಲುವೆಯಲ್ಲಿ ಕೆಳಗಿನ ಕೆರೆಗೆ ಇಳಿಯುತ್ತಿತ್ತು. ತೂಬಿನಿಂದ ಹೊರಟ ನೀರು ಅಚ್ಚುಕಟ್ಟಿನ ಗದ್ದೆಗೆ ಹೋಗುತ್ತಿತ್ತು. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದನ್ನು ನೋಡಿಕೊಳ್ಳಲು ನೀರುಗಂಟಿ ಇದ್ದ. ಈ ವ್ಯವಸ್ಥೆಯಲ್ಲಿ ಯಾವ ಕೆರೆಯೂ ಒಂಟಿಯಲ್ಲ. ಸರಣಿಯ ನಡುವಿನ ಒಂದು ಕೆರೆಯನ್ನು ಮುಚ್ಚಿದರೆ ಅದರ ನೀರು ಕೆಳಗಿನ ಕೆರೆಯ ಪಾಲಿಗೆ ಹೊರೆಯಾಗುತ್ತದೆ, ಇಲ್ಲವೇ ಯಾರದೋ ಮನೆಯೊಳಗೆ ಜಾಗ ಹುಡುಕಿಕೊಳ್ಳುತ್ತದೆ.

ಧರ್ಮಾಂಬುಧಿ ಕೆರೆಯಿದ್ದ ಜಾಗದಲ್ಲಿ ಕೆಂಪೇಗೌಡ ಬಸ್ ನಿಲ್ದಾಣ ಬಂದಿತು, ಸಂಪಂಗಿ ಕೆರೆಯಿದ್ದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು, ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ ಆಟದ ಮೈದಾನವಾಯಿತು, ಚಲ್ಲಘಟ್ಟ ಕೆರೆ ಗಾಲ್ಫ್ ಮೈದಾನವಾಯಿತು. ಬೆಂಗಳೂರಿಗರಿಗೆ ಇದು ಬಾಯಿಪಾಠವಾಗಿರುವ ಪಟ್ಟಿ, ಮತ್ತೆ ಉದ್ದ ಮಾಡಬೇಕಾಗಿಲ್ಲ. ಅದಕ್ಕಿಂತ ಕಡಿಮೆ ಚರ್ಚೆಯಾದದ್ದು ಕಾಲುವೆಗಳ ನಷ್ಟ. ನಗರದ ಮಳೆನೀರು ನಿರ್ವಹಣೆಯ ಕುರಿತು 2021ರಲ್ಲಿ ಮಂಡನೆಯಾದ ಮಹಾಲೇಖಪಾಲರ ವರದಿಯ ಪ್ರಕಾರ, 20ನೇ ಶತಮಾನದ ಆರಂಭದಲ್ಲಿ ಕೋರಮಂಗಲ ಕಣಿವೆಯಲ್ಲಿ ಸುಮಾರು 113 ಕಿ.ಮೀ. ಇದ್ದ ಕಾಲುವೆಗಳ ಉದ್ದ 2016–17ರ ಹೊತ್ತಿಗೆ 63 ಕಿ.ಮೀ.ಗೆ ಇಳಿದಿತ್ತು, ವೃಷಭಾವತಿ ಕಣಿವೆಯಲ್ಲಿ 226 ಕಿ.ಮೀ. ಇದ್ದದ್ದು ಸುಮಾರು 111 ಕಿ.ಮೀ.ಗೆ ಕುಸಿದಿತ್ತು. ಕೆರೆ ಕಣ್ಣಿಗೆ ಕಾಣುತ್ತದೆ, ಹೋದರೆ ಊರಿಗೆ ಗೊತ್ತಾಗುತ್ತದೆ. ಕಂದಾಯ ನಕ್ಷೆಯಲ್ಲಿ ಬಿ-ಖರಾಬು, ಎಂದರೆ ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ, ಎಂದು ಬರೆದಿರುವ ಮೂರನೆಯ ದರ್ಜೆಯ ಸಣ್ಣ ಕಾಲುವೆ ಬಡಾವಣೆಯ ನಕ್ಷೆ ಮಂಜೂರಾಗುವ ಹೊತ್ತಿಗೆ ಸದ್ದಿಲ್ಲದೆ ಎರಡು ನಿವೇಶನಗಳಾಗಿ ಬಿಡುತ್ತದೆ. ಅಲ್ಲಿ ಮನೆ ಕಟ್ಟಿಕೊಂಡವರಿಗೆ ತಮ್ಮ ಅಡಿಪಾಯದ ಕೆಳಗೆ ಕಾಲುವೆ ಇತ್ತೆಂಬುದು ಎಷ್ಟೋ ವೇಳೆ ತಿಳಿಯುವುದೇ ಸರ್ವೇಯರ್ ಗೋಡೆಗೆ ಕೆಂಪು ಗುರುತು ಹಾಕಿದ ದಿನ.

2022ರ ಸೆಪ್ಟೆಂಬರ್ ಮೊದಲ ವಾರದ ನೆರೆ ಇದನ್ನು ಎಲ್ಲರ ಕಣ್ಣಮುಂದೆ ತಂದಿತು. ಹೊರ ವರ್ತುಲ ರಸ್ತೆಯ ತಂತ್ರಜ್ಞಾನ ಕಂಪನಿಗಳ ನೌಕರರು ಟ್ರ್ಯಾಕ್ಟರುಗಳಲ್ಲಿ ಕೆಲಸಕ್ಕೆ ಹೋದರು. ಬೆಳ್ಳಂದೂರು, ಸರ್ಜಾಪುರ ರಸ್ತೆಯ ಬಡಾವಣೆಗಳಿಂದ ಜನರನ್ನು ದೋಣಿಗಳಲ್ಲಿ ಕರೆತರಲಾಯಿತು. ಅದೇ ಹೊತ್ತಿನಲ್ಲಿ ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯ ಪಂಪುಮನೆಗೆ ಭೀಮೇಶ್ವರ ನದಿಯ ನೆರೆ ನುಗ್ಗಿ ಬೆಂಗಳೂರಿಗೆ ಕಾವೇರಿ ನೀರು ಬರುವುದೂ ನಿಂತಿತು. ಮನೆಯೊಳಗೆ ಮೊಣಕಾಲುದ್ದ ನೀರು, ನಲ್ಲಿಯಲ್ಲಿ ಹನಿಯೂ ಇಲ್ಲ. ಒಂದೂವರೆ ವರ್ಷದ ಬಳಿಕ, 2024ರ ಬೇಸಿಗೆಯಲ್ಲಿ, ನಗರದ ಸುಮಾರು 13,900 ಸರ್ಕಾರಿ ಕೊಳವೆಬಾವಿಗಳ ಪೈಕಿ 6,900 ಬತ್ತಿವೆ ಎಂದು ಉಪಮುಖ್ಯಮಂತ್ರಿಗಳೇ ಹೇಳಿದರು. ಇವೆರಡನ್ನೂ ಬೇರೆಬೇರೆ ವಿಪತ್ತುಗಳೆಂದು ಭಾವಿಸುವುದು ನಮ್ಮ ರೂಢಿ. ಸೆಪ್ಟೆಂಬರಿನಲ್ಲಿ ನಿಲ್ಲದೆ ಓಡಿಹೋದ ನೀರು ಮಾರ್ಚ್ ತಿಂಗಳಲ್ಲಿ ಇಲ್ಲವಾದ ನೀರೇ ಆಗಿದೆ.

ಇಲ್ಲೊಂದು ಸರಳ ಲೆಕ್ಕ ಹಾಕಬಹುದು. ನಗರದ ವಿಸ್ತೀರ್ಣವನ್ನು 700 ಚದರ ಕಿ.ಮೀ. ಎಂದೂ ವಾರ್ಷಿಕ ಮಳೆಯನ್ನು 970 ಮಿ.ಮೀ. ಎಂದೂ ಇಟ್ಟುಕೊಂಡರೆ ಒಂದು ವರ್ಷದಲ್ಲಿ ಊರಿನ ಮೇಲೆ ಸುರಿಯುವ ನೀರು ಸುಮಾರು 24 ಟಿಎಂಸಿ. ಐದನೆಯ ಹಂತವೂ ಸೇರಿ ಕಾವೇರಿ ಯೋಜನೆಯ ಪೂರ್ಣ ಸಾಮರ್ಥ್ಯವಾದ ದಿನಕ್ಕೆ 222.5 ಕೋಟಿ ಲೀಟರುಗಳನ್ನು ವರ್ಷಕ್ಕೆ ಗುಣಿಸಿದರೆ ಸುಮಾರು 29 ಟಿಎಂಸಿ ಆಗುತ್ತದೆ. ನೂರು ಕಿಲೋಮೀಟರ್ ದೂರದಿಂದ, ಸುಮಾರು ಅರ್ಧ ಕಿಲೋಮೀಟರ್ ಎತ್ತರಕ್ಕೆ ವಿದ್ಯುತ್ ಸುರಿದು ಏರಿಸಿ ತರುವ ನೀರಿಗೂ ಬಿಟ್ಟಿಯಾಗಿ ತಲೆಯ ಮೇಲೆ ಬೀಳುವ ನೀರಿಗೂ ಪ್ರಮಾಣದಲ್ಲಿ ಇರುವ ಅಂತರ ಇಷ್ಟೇ. ಬಿದ್ದ ಮಳೆಯೆಲ್ಲವನ್ನೂ ಹಿಡಿದಿಡಲಾಗದು, ಹಿಡಿಯಲೂಬಾರದು. ಆದರೆ ಅದನ್ನು ಆದಷ್ಟು ಬೇಗ ಊರಾಚೆ ಸಾಗಿಸಬೇಕಾದ ಪೀಡೆಯೆಂದು ಕಂಡು ಎಂಜಿನಿಯರಿಂಗ್ ಮಾಡಿದ್ದೇ ಮೊದಲ ತಪ್ಪು ಎಂದು ನನಗೆ ಅನ್ನಿಸುತ್ತದೆ.

ಆ ದೃಷ್ಟಿಯ ಗುರುತು ಕಾಂಕ್ರೀಟ್ ರಾಜಕಾಲುವೆ. ಮಣ್ಣಿನ ದಡ, ಹುಲ್ಲು, ಅಂಕುಡೊಂಕು ಇದ್ದ ಹಳ್ಳವನ್ನು ನೇರ ಮಾಡಿ, ಎರಡೂ ಬದಿಗೆ ತಡೆಗೋಡೆ ಕಟ್ಟಿ, ಎಷ್ಟೋ ಕಡೆ ತಳಕ್ಕೂ ಕಾಂಕ್ರೀಟ್ ಹಾಕಿ ಪೆಟ್ಟಿಗೆಯಂತೆ ಮಾಡಲಾಗಿದೆ. ಹೀಗೆ ಮಾಡಿದರೆ ನೀರು ವೇಗವಾಗಿ ಹರಿಯುತ್ತದೆ ಎಂಬುದು ನಿಜ. ಆದರೆ ಮೇಲಿನ ಬಡಾವಣೆಯಿಂದ ವೇಗವಾಗಿ ಹೋದ ನೀರು ಕೆಳಗಿನ ಬಡಾವಣೆಗೆ ಅಷ್ಟೇ ವೇಗವಾಗಿ ಬಂದು ಸೇರುತ್ತದೆ. ಮೂರು ಗಂಟೆಯಲ್ಲಿ ಬರುತ್ತಿದ್ದುದು ಅರ್ಧ ಗಂಟೆಯಲ್ಲಿ ಬಂದರೆ ಕೆಳಗಿನ ಸೇತುವೆಯ ಕಮಾನು ಅದನ್ನು ನುಂಗಲಾರದು. ನೀರು ಇಂಗಲು ತಳದಲ್ಲಿ ಮಣ್ಣಿಲ್ಲ. ಜೊಂಡು, ಹುಲ್ಲು, ಕೆಸರಿನ ಸೂಕ್ಷ್ಮಜೀವಿಗಳು ಒಂದಿಷ್ಟು ಕೊಳೆಯನ್ನು ದಾರಿಯಲ್ಲೇ ಜೀರ್ಣಿಸಿಕೊಳ್ಳುತ್ತಿದ್ದವು. ಈಗ ಆ ಅವಕಾಶವೂ ಇಲ್ಲ. ಕಾಲುವೆಯ ಹೂಳೆತ್ತುವ ಕೆಲಸವೂ ಹೀಗೆಯೇ. ಪ್ರತಿ ವರ್ಷ ಮುಂಗಾರಿಗೆ ಮುನ್ನ ರಸ್ತೆ ಬದಿಯ ಮೋರಿಯಿಂದ ಹೂಳನ್ನು ಎತ್ತಿ ಅದರ ಪಕ್ಕದಲ್ಲೇ ರಾಶಿ ಹಾಕಲಾಗುತ್ತದೆ. ಅದನ್ನು ಸಾಗಿಸಲು ಲಾರಿ ಬರುವ ಮುನ್ನ ಮಳೆ ಬರುತ್ತದೆ. ಎತ್ತಿದ ಹೂಳು ಎತ್ತಿದಲ್ಲಿಗೇ ಮರಳುತ್ತದೆ. ಇಷ್ಟು ಸಣ್ಣ ಸಂಗತಿ ಈ ನಗರದಲ್ಲಿ ವರ್ಷ ವರ್ಷವೂ ಹೇಗೆ ಮರುಕಳಿಸುತ್ತದೆಯೋ, ಗುತ್ತಿಗೆ ಪತ್ರಗಳನ್ನು ಓದಿದವರೇ ಹೇಳಬೇಕು.

ಮಳೆನೀರಿನ ಮಾಲಿನ್ಯ ಎಂದರೆ ಒಳಚರಂಡಿ ಸೋರಿಕೆ ಮಾತ್ರವಲ್ಲ ಎಂಬುದನ್ನು ಇಲ್ಲಿ ತುಸು ಬಿಡಿಸಿ ಹೇಳಬೇಕು. ನಾಲ್ಕೈದು ತಿಂಗಳ ಒಣ ಹವೆಯಲ್ಲಿ ರಸ್ತೆಯ ಮೇಲೆ ಏನೇನು ಕೂಡಿರುತ್ತದೆ ಎಂದು ಯೋಚಿಸಿದರೆ ಸಾಕು. ಒಂದು ಕೋಟಿಗೂ ಹೆಚ್ಚು ನೋಂದಾಯಿತ ವಾಹನಗಳಿರುವ ಊರಿನಲ್ಲಿ ಸವೆದ ಟೈರಿನ ಪುಡಿ, ಬ್ರೇಕ್ ಪ್ಯಾಡುಗಳ ತಾಮ್ರ, ತೊಟ್ಟಿಕ್ಕಿದ ಎಂಜಿನ್ ಆಯಿಲ್, ಗ್ಯಾರೇಜುಗಳ ಮುಂದಿನ ಗ್ರೀಸ್, ಕಟ್ಟಡ ಕಾಮಗಾರಿಯ ಮರಳು ಮತ್ತು ಸಿಮೆಂಟ್ ಧೂಳು, ಹೋಟೆಲುಗಳ ಹಿಂಬದಿಯ ಜಿಡ್ಡು, ಬೀದಿ ಪ್ರಾಣಿಗಳ ಮಲ, ಕಸ ಸುಟ್ಟ ಬೂದಿ, ತರಗೆಲೆ, ಪ್ಲಾಸ್ಟಿಕ್ ಎಲ್ಲವೂ ರಸ್ತೆಯ ಅಂಚಿನಲ್ಲಿ ಕಾಯುತ್ತಿರುತ್ತವೆ. ಯುಗಾದಿ ಕಳೆದ ಮೇಲೆ ಬರುವ ಮೊದಲ ಗಟ್ಟಿ ಮಳೆ ಇದನ್ನೆಲ್ಲ ಹದಿನೈದು ಇಪ್ಪತ್ತು ನಿಮಿಷಗಳಲ್ಲಿ ತೊಳೆದು ಕಾಲುವೆಗೆ ಇಳಿಸುತ್ತದೆ. ಆ ಮೊದಲ ತೊಳೆತದ ನೀರು ಎಷ್ಟೋ ವೇಳೆ ಸಂಸ್ಕರಿಸಿದ ಕೊಳಚೆ ನೀರಿಗಿಂತ ಕೊಳಕಾಗಿರುತ್ತದೆ. ಭರಣಿ ಮಳೆಗೆ ಧರಣಿಯೆಲ್ಲ ಬೆಳೆ ಎಂದು ಹೇಳಿಕೊಳ್ಳುವ ನಾಡಿನ ರಾಜಧಾನಿಯಲ್ಲಿ ಅದೇ ಹೊತ್ತಿನ ಮಳೆಯ ಮರುದಿನ ಕೆರೆಗಳಲ್ಲಿ ಸತ್ತ ಮೀನು ತೇಲುತ್ತವೆ. ಕಾರಣ ವಿಷವೇ ಆಗಿರಬೇಕೆಂದಿಲ್ಲ. ತೊಳೆದು ಬಂದ ಸಾವಯವ ಕೊಳೆಯನ್ನು ತಿನ್ನುವ ಬ್ಯಾಕ್ಟೀರಿಯಾಗಳು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ. ನುಗ್ಗಿ ಬಂದ ನೀರು ತಳದ ಆಮ್ಲಜನಕವಿಲ್ಲದ ಕೆಸರನ್ನು ಕದಡಿ ಮೇಲಕ್ಕೆ ತರುತ್ತದೆ. ಮೀನುಗಳು ಉಸಿರು ಕಟ್ಟಿ ಸಾಯುತ್ತವೆ.

ಟೈರಿನ ಪುಡಿಯನ್ನು ಕ್ಷುಲ್ಲಕವೆಂದು ತಳ್ಳಿಹಾಕುವವರಿಗೆ ಅಮೆರಿಕದ ಸಿಯಾಟಲ್ ಸುತ್ತಲಿನ ಹೊಳೆಗಳ ಅನುಭವ ನೆನಪಿಸಬಹುದು. ಮೊಟ್ಟೆಯಿಡಲು ಸಮುದ್ರದಿಂದ ಮರಳುತ್ತಿದ್ದ ಕೋಹೋ ಸಾಲ್ಮನ್ ಮೀನುಗಳು ಮಳೆಯಾದೊಡನೆ ಸಾಯುವುದಕ್ಕೆ ಟೈರಿನಲ್ಲಿ ಬಳಸುವ ಒಂದು ರಾಸಾಯನಿಕ ಗಾಳಿಯ ಓಝೋನಿನೊಡನೆ ಸೇರಿ ಆಗುವ ಸಂಯುಕ್ತವೇ ಕಾರಣ ಎಂಬುದು 2020ರಲ್ಲಿ ಸಾಬೀತಾಯಿತು. ನಮ್ಮ ಕೆರೆಗಳ ರೋಹು, ಕಾಟ್ಲಾಗಳಿಗೂ ಹಾಗೆಯೇ ಆಗುತ್ತದೆಂದು ಇದರಿಂದ ಹೇಳಲಾಗದು. ರಸ್ತೆಯಿಂದ ಬರುವ ನೀರನ್ನು ಶುದ್ಧ ಮಳೆನೀರೆಂದು ಭಾವಿಸಿ ನೇರವಾಗಿ ಕೊಳವೆಬಾವಿಗೆ ಇಂಗಿಸುವುದು ಜಾಣತನವಲ್ಲ ಎಂಬಷ್ಟನ್ನು ಖಂಡಿತ ಹೇಳಬಹುದು.

ಬೆಳ್ಳಂದೂರು ಕೆರೆಯ ನೊರೆಯ ಕಥೆಯೂ ಇದೇ ದಿಕ್ಕಿಗೆ ಬೆರಳು ತೋರುತ್ತದೆ. ಸುಮಾರು 900 ಎಕರೆಯ ಈ ಕೆರೆಗೆ ನಗರದ ಕೊಳಚೆಯ ಶೇ 40ರಷ್ಟು ಹರಿದು ಬರುತ್ತದೆಂಬ ಅಂದಾಜಿದೆ. 2015ರ ಮೇ ತಿಂಗಳಲ್ಲಿ ನೊರೆಗೆ ಬೆಂಕಿ ಹತ್ತಿಕೊಂಡಿತು. 2017ರ ಫೆಬ್ರವರಿಯಲ್ಲಿ ಮತ್ತೆ ಹೊಗೆ ಎದ್ದಿತು. 2018ರ ಜನವರಿ 19ರಂದು ಹೊತ್ತಿದ ಬೆಂಕಿಯನ್ನು ಆರಿಸಲು ಸೇನೆಯ ಸುಮಾರು 5,000 ಸಿಬ್ಬಂದಿ ಬರಬೇಕಾಯಿತು. ನೀರಿಗೆ ಬೆಂಕಿ ಬಿದ್ದ ಸುದ್ದಿ ಜಗತ್ತನ್ನು ಸುತ್ತಿತು. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ನೊರೆಯ ಮೂಲವನ್ನು ಹುಡುಕಿದಾಗ ಕಂಡದ್ದು ಬಟ್ಟೆ ಒಗೆಯುವ ಸೋಪಿನ ಪುಡಿಯ ರಾಸಾಯನಿಕಗಳು. ಅವು ಸಂಸ್ಕರಣೆಯಾಗದೆ ಕೆರೆಗೆ ಬಂದು ಕೆಸರಿಗೆ ಅಂಟಿ ತಳ ಸೇರುತ್ತವೆ. ಮಳೆ ಬಂದಾಗ ನೀರಿನ ರಭಸಕ್ಕೆ ಕೆಸರು ಕದಡಿ ಅವು ಮತ್ತೆ ನೀರಿಗೆ ಬಿಡುಗಡೆಯಾಗುತ್ತವೆ. ಕೋಡಿಯಲ್ಲಿ ನೀರು ಎತ್ತರದಿಂದ ಧುಮುಕುವಾಗ ಗಾಳಿ ಸೇರಿ ನೊರೆಯೇಳುತ್ತದೆ. ಮಳೆಯೊಡನೆ ಬಂದ ಮಣ್ಣಿನ ಸಣ್ಣ ಕಣಗಳು ಆ ನೊರೆ ಬೇಗ ಒಡೆಯದಂತೆ ಮಾಡುತ್ತವೆ. ಒಳಚರಂಡಿಯ ಕೊಳೆಯೂ ಮಳೆನೀರಿನ ಕೊಳೆಯೂ ಒಂದರ ಕೈಯನ್ನು ಇನ್ನೊಂದು ಹಿಡಿದಾಗ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡಿತು. 2018ರ ಡಿಸೆಂಬರಿನಲ್ಲಿ ರಾಜ್ಯ ಸರ್ಕಾರ 500 ಕೋಟಿ ರೂಪಾಯಿಗಳನ್ನು ಕ್ರಿಯಾಯೋಜನೆಗಾಗಿ ಪ್ರತ್ಯೇಕ ಖಾತೆಯಲ್ಲಿ ಇಡಬೇಕೆಂದು ಆದೇಶಿಸಿ, ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ನೇತೃತ್ವದ ಸಮಿತಿಯನ್ನು ಮೇಲ್ವಿಚಾರಣೆಗೆ ನೇಮಿಸಿತು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬೆಳ್ಳಂದೂರು, ವರ್ತೂರು ಕೆರೆಗಳ ನೀರು ಹೊರಬಿಟ್ಟು ದಶಕಗಳ ಹೂಳನ್ನು ತೆಗೆಯತೊಡಗಿತು. ಈ ಕೆಲಸ ಬೇಕಾಗಿರಲಿಲ್ಲ ಎಂದು ಯಾರೂ ಹೇಳಲಾರರು, ಏಕೆಂದರೆ ತಳದ ಕೆಸರೇ ಒಂದು ಮಾಲಿನ್ಯದ ಭಂಡಾರ. ಆದರೆ ಹೂಳು ತೆಗೆಯುವಷ್ಟು ದಿನ ಕೊಳಚೆಯನ್ನು ಪಕ್ಕದ ತಾತ್ಕಾಲಿಕ ಕಾಲುವೆಯಲ್ಲಿ ಸಾಗಿಸಿ, ಕೆಲಸ ಮುಗಿದ ಮೇಲೆ ಅದೇ ಕೊಳಚೆಯನ್ನು ಒಳಗೆ ಬಿಡುವುದಾದರೆ ಖರ್ಚು ಮಾಡಿದ್ದು ಮುಂದಿನ ಹೂಳಿಗೆ ಜಾಗ ಮಾಡಿಕೊಡಲು ಎಂದಾಗುತ್ತದೆ.

ಕೊಳಚೆ ಕಾಲುವೆಗೆ ಸೇರುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಒಂದಲ್ಲ. ಬೆಂಗಳೂರಿನಲ್ಲಿ ಒಳಚರಂಡಿ ಮತ್ತು ಮಳೆನೀರು ಚರಂಡಿ ಬೇರೆಬೇರೆಯಾಗಿರಬೇಕು ಎಂಬುದೇ ನಿಯಮ; ಮೊದಲನೆಯದು 1964ರಲ್ಲಿ ಸ್ಥಾಪನೆಯಾದ ಜಲಮಂಡಳಿಯದು, ಎರಡನೆಯದು ಪಾಲಿಕೆಯದು. ಆದರೆ ಒಳಚರಂಡಿಯ ದೊಡ್ಡ ಕೊಳವೆಗಳನ್ನೂ ಇಳಿಜಾರಿನ ಅನುಕೂಲಕ್ಕಾಗಿ ಕಣಿವೆಯ ತಳದಲ್ಲೇ, ಎಂದರೆ ರಾಜಕಾಲುವೆಯ ಪಕ್ಕದಲ್ಲೋ ಒಳಗೋ ಹಾಕಲಾಗಿದೆ. ಹಳೆಯ ಕೊಳವೆ ಒಡೆದರೆ, ಮ್ಯಾನ್‌ಹೋಲ್ ಕಟ್ಟಿಕೊಂಡರೆ ಕೊಳಚೆ ಇಳಿಯುವುದು ಕಾಲುವೆಗೇ. ಕಟ್ಟಿಕೊಂಡ ಕಡೆ ಬೀದಿಯಲ್ಲಿ ಕೊಳಚೆ ಉಕ್ಕದಿರಲೆಂದು ಕಾಲುವೆಗೆ ಒಂದು ತೂತು ಕೊರೆದುಬಿಡುವುದೂ ಉಂಟು. 2007ರಲ್ಲಿ 7 ನಗರಸಭೆ, 1 ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬೃಹತ್ ಪಾಲಿಕೆ ಮಾಡಿದಾಗ ಆ ಹಳ್ಳಿಗಳಿಗೆ ಒಳಚರಂಡಿ ಇರಲಿಲ್ಲ. ಅಪಾರ್ಟ್‌ಮೆಂಟುಗಳು ಕೊಳವೆಗಿಂತ ಬಹಳ ಮೊದಲೇ ಬಂದವು. ಇದರ ತಿರುಗುಮುರುಗೂ ನಡೆಯುತ್ತದೆ: ತಾರಸಿಯ ಮಳೆನೀರಿನ ಪೈಪನ್ನು ಮನೆಯವರು ಅನುಕೂಲಕ್ಕೆಂದು ಒಳಚರಂಡಿಯ ಚೇಂಬರಿಗೆ ಜೋಡಿಸಿರುತ್ತಾರೆ. ಮಳೆ ಸುರಿದಾಗ ಆ ಕೊಳವೆ ತಾಳಲಾರದ ನೀರು ಬಂದು ಮ್ಯಾನ್‌ಹೋಲಿನ ಮುಚ್ಚಳ ಎತ್ತಿ ಕೊಳಚೆ ರಸ್ತೆಗೆ ಹರಿಯುತ್ತದೆ, ರಸ್ತೆಯಿಂದ ಕಾಲುವೆಗೆ, ಕಾಲುವೆಯಿಂದ ಕೆರೆಗೆ.

ಇದಕ್ಕೆ ಇನ್ನೊಂದು ಒತ್ತಡ ಈಗ ಸೇರಿದೆ. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಕಾವೇರಿ ಐದನೆಯ ಹಂತ ದಿನಕ್ಕೆ 77.5 ಕೋಟಿ ಲೀಟರ್ ನೀರನ್ನು ಮುಖ್ಯವಾಗಿ ಈ 110 ಹಳ್ಳಿಗಳಿಗೆ ತರುತ್ತದೆ. ಮನೆಗೆ ಬಂದ ನೀರಿನಲ್ಲಿ ಸುಮಾರು ಶೇ 80ರಷ್ಟು ಕೊಳಚೆಯಾಗಿ ಹೊರಹೋಗುತ್ತದೆಂಬುದು ಎಂಜಿನಿಯರುಗಳು ಬಳಸುವ ಸಾಮಾನ್ಯ ಲೆಕ್ಕ. ಪೂರ್ಣ ಪ್ರಮಾಣದಲ್ಲಿ ನೀರು ಬಂದ ದಿನ 60 ಕೋಟಿ ಲೀಟರಿಗೂ ಹೆಚ್ಚು ಹೊಸ ಕೊಳಚೆ ಹುಟ್ಟುತ್ತದೆ ಎಂದಾಯಿತು. ನಲ್ಲಿ ಉದ್ಘಾಟನೆಗೆ ಮಂತ್ರಿಗಳು ಬರುತ್ತಾರೆ. ಒಳಚರಂಡಿಯ ಸಂಪರ್ಕ ಪೂರ್ಣವಾದದ್ದಕ್ಕೆ ರಿಬ್ಬನ್ ಕತ್ತರಿಸಿದ್ದನ್ನು ನಾನಂತೂ ಕಂಡಿಲ್ಲ.

ಹಾಗಾದರೆ ಸರಿಯಾಗಿ ನಡೆದದ್ದು ಏನೂ ಇಲ್ಲವೇ? ಇದೆ, ಮತ್ತು ಅದನ್ನು ವಿವರವಾಗಿ ನೋಡುವುದು ಉಪಯುಕ್ತ. ಉತ್ತರ ಬೆಂಗಳೂರಿನ ಜಕ್ಕೂರು ಕೆರೆ ಸುಮಾರು 160 ಎಕರೆಯದು. ಅದರ ಮೇಲ್ಭಾಗದಲ್ಲಿ ಜಲಮಂಡಳಿ ದಿನಕ್ಕೆ 1 ಕೋಟಿ ಲೀಟರ್ ಸಾಮರ್ಥ್ಯದ ಸಂಸ್ಕರಣಾ ಘಟಕ ಕಟ್ಟಿತು. ಘಟಕದಿಂದ ಹೊರಟ ನೀರು ನೇರವಾಗಿ ಕೆರೆಗೆ ಬೀಳದೆ, ಮೊದಲು ಆಪು, ಜೊಂಡು ಬೆಳೆದ ಜೌಗಿನಲ್ಲಿ ನಿಧಾನವಾಗಿ ಹಾದುಹೋಗುತ್ತದೆ. ಘಟಕ ತೆಗೆಯಲಾರದೆ ಬಿಟ್ಟ ಸಾರಜನಕ, ರಂಜಕಗಳಲ್ಲಿ ಒಂದು ಪಾಲನ್ನು ಗಿಡಗಳ ಬೇರು ಮತ್ತು ಬೇರಿಗೆ ಅಂಟಿದ ಸೂಕ್ಷ್ಮಜೀವಿಗಳು ತೆಗೆಯುತ್ತವೆ. ಆಮೇಲೆ ನೀರು ಕೆರೆಗೆ, ಅಲ್ಲಿಂದ ಕೋಡಿ ಬಿದ್ದು ರಾಚೇನಹಳ್ಳಿ ಕೆರೆಗೆ. ಬೇಸಿಗೆಯಲ್ಲೂ ಕೆರೆಯಲ್ಲಿ ನೀರಿರುತ್ತದೆ, ಮೀನುಗಾರಿಕೆ ನಡೆಯುತ್ತದೆ, ಸುತ್ತಲಿನ ಬಾವಿಗಳಲ್ಲಿ ನೀರಿನ ಮಟ್ಟ ಏರಿದೆ. ಇದರ ಯಶಸ್ಸು ಜೌಗಿನ ಗಿಡಗಳದ್ದೇ ಎಂದುಕೊಂಡು ಬೇರೆ ಕೆರೆಗಳಲ್ಲಿ ಮೂಲೆಗೊಂದು ಜೊಂಡಿನ ಹೊಂಡ ಮಾಡಿ ಕೈತೊಳೆದುಕೊಂಡವರಿದ್ದಾರೆ. ಕಚ್ಚಾ ಕೊಳಚೆಯನ್ನು ಜೌಗಿಗೆ ಬಿಟ್ಟರೆ ಗಿಡಗಳೂ ಉಸಿರು ಕಟ್ಟಿ ಸಾಯುತ್ತವೆ, ಜೌಗು ಹೂಳು ತುಂಬಿ ಕೆಲವೇ ವರ್ಷಗಳಲ್ಲಿ ಗದ್ದೆಯಂತಾಗುತ್ತದೆ. ಜಕ್ಕೂರಿನಲ್ಲಿ ಕ್ರಮ ಸರಿಯಾಗಿತ್ತು: ಮೊದಲು ಕೊಳವೆ, ಆಮೇಲೆ ಘಟಕ, ಅದರ ನಂತರ ಜೌಗು, ಕೊನೆಗೆ ಕೆರೆ. ಜೊತೆಗೆ ದಿನವೂ ಕೆರೆಯನ್ನು ಕಂಡು, ನೀರಿನ ಬಣ್ಣ ಬದಲಾದರೆ ಅದೇ ದಿನ ಜಲಮಂಡಳಿಗೆ ಫೋನ್ ಮಾಡುವ ನಾಗರಿಕರ ಗುಂಪೊಂದಿತ್ತು. ಹಳೆಯ ನೀರುಗಂಟಿಯ ಕೆಲಸದಲ್ಲಿ ಅರ್ಧವನ್ನು ಅವರು ಮಾಡುತ್ತಿದ್ದಾರೆ. ಮಳೆಗಾಲದಲ್ಲಿ ಘಟಕವನ್ನು ತಪ್ಪಿಸಿ ಕಾಲುವೆಯಲ್ಲೇ ನುಗ್ಗಿ ಬರುವ ಕೊಳಕು ನೀರಿಗೆ ಮಾತ್ರ ಜಕ್ಕೂರಿನಲ್ಲೂ ಪೂರ್ಣ ಪರಿಹಾರ ಸಿಕ್ಕಿಲ್ಲ.

ಮೆಜೆಸ್ಟಿಕ್ ಬಳಿಯಿಂದ ಶಾಂತಿನಗರ, ಕೋರಮಂಗಲಗಳ ಮೂಲಕ ಬೆಳ್ಳಂದೂರಿನತ್ತ ಹರಿಯುವ ಕಾಲುವೆಯನ್ನು ಕೆ-100 ಎಂಬ ಹೆಸರಿನಲ್ಲಿ ಪುನರುಜ್ಜೀವನಗೊಳಿಸಲು 2021ರಲ್ಲಿ ಶುರುವಾದ, ಸುಮಾರು 175 ಕೋಟಿ ರೂಪಾಯಿ ವೆಚ್ಚದ ಯೋಜನೆ ಇನ್ನೊಂದು ಬಗೆಯ ಪ್ರಯೋಗ. ಕಾಲುವೆಯನ್ನು ಮುಚ್ಚುವ ಬದಲು ತೆರೆದಿಟ್ಟು, ದಡದಲ್ಲಿ ಜನ ನಡೆಯುವಂತೆ ಮಾಡಬೇಕು, ಒಳಗೆ ಸಂಸ್ಕರಿಸಿದ ನೀರು ಹರಿಯಬೇಕು ಎಂಬುದು ಅದರ ಕಲ್ಪನೆ. ಜನರು ಕಾಲುವೆಗೆ ಬೆನ್ನು ಮಾಡಿ ಬದುಕುವುದನ್ನು ಬಿಟ್ಟು ಮುಖ ಮಾಡಿದರೆ ಕಸ ಎಸೆಯುವುದು ತಾನಾಗಿ ಕಡಿಮೆಯಾಗುತ್ತದೆ ಎಂಬ ವಾದದಲ್ಲಿ ಹುರುಳಿದೆ. ಆದರೆ ಇಲ್ಲೂ ಕಲ್ಲುಹಾಸು, ಕಂಬಿ, ಗಿಡಗಳು ಒಂದು ವೇಗದಲ್ಲಿ ಬಂದವು. ಕೊಳಚೆ ಕೊಳವೆಗಳನ್ನು ಬೇರ್ಪಡಿಸುವ ಕೆಲಸ ಇನ್ನೊಂದು ವೇಗದಲ್ಲಿ ನಡೆಯಿತು. ನಡಿಗೆಪಥ ಸಿದ್ಧವಾದ ಮೇಲೂ ಮೂಗು ಮುಚ್ಚಿಕೊಂಡು ನಡೆಯಬೇಕಾದದ್ದು ವಿನ್ಯಾಸದ ತಪ್ಪಲ್ಲ. ಒಂದೇ ಕಾಲುವೆಯಲ್ಲಿ ಎರಡು ಇಲಾಖೆಗಳು ಎರಡು ವೇಳಾಪಟ್ಟಿ ಇಟ್ಟುಕೊಂಡರೆ ಆಗುವುದೇ ಹೀಗೆ.

ಕೆರೆ, ಕಾಲುವೆಗಳ ಅಂಚಿನಲ್ಲಿ ಕಟ್ಟಡ ಕಟ್ಟದೆ ಬಿಡಬೇಕಾದ ಮೀಸಲು ವಲಯದ ಪ್ರಶ್ನೆ ನ್ಯಾಯಾಲಯಗಳಲ್ಲಿ ಬಹಳ ಸುತ್ತಾಡಿದೆ. 2016ರ ಮೇ ತಿಂಗಳಲ್ಲಿ ಹಸಿರು ನ್ಯಾಯಮಂಡಳಿ ಕೆರೆಗಳ ಸುತ್ತ 75 ಮೀಟರ್, ಕಾಲುವೆಗಳಿಗೆ ದರ್ಜೆಗನುಸಾರ 50, 35, 25 ಮೀಟರ್ ಜಾಗ ಬಿಡಬೇಕೆಂದು ಆದೇಶಿಸಿತ್ತು. 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿ, ನಗರ ಯೋಜನೆಯಲ್ಲಿ ಇದ್ದ ಕೆರೆಗೆ 30 ಮೀಟರ್, ಕಾಲುವೆಯ ನಡುಗೆರೆಯಿಂದ 50, 25, 15 ಮೀಟರ್ ಎಂಬ ಅಳತೆಯೇ ಉಳಿಯಬೇಕೆಂದಿತು. 2025ರಲ್ಲಿ ರಾಜ್ಯ ಸರ್ಕಾರ ತಂದ ತಿದ್ದುಪಡಿ ಮಸೂದೆ ಕೆರೆಯ ವಿಸ್ತೀರ್ಣಕ್ಕೆ ತಕ್ಕಂತೆ ಈ ಅಂತರವನ್ನು ಇಳಿಸಲು ಹೊರಟಿತು. ಒಂದು ಎಕರೆಯೊಳಗಿನ ಗುಂಡಿ, ಕುಂಟೆಗಳಿಗೆ 3 ಮೀಟರ್ ಸಾಕೆಂದಿತು. ಸಣ್ಣ ಕೆರೆಗೆ ಸಣ್ಣ ಅಂಚು ಎಂಬುದು ಕೇಳಲು ನ್ಯಾಯವಾಗಿ ಕಾಣುತ್ತದೆ. ಜಲಾನಯನದ ಲೆಕ್ಕದಲ್ಲಿ ಅದು ತಲೆಕೆಳಗು, ಏಕೆಂದರೆ ಸರಣಿಯ ಮೇಲ್ತುದಿಯಲ್ಲಿರುವುದು ಸಣ್ಣ ಕುಂಟೆಗಳೇ. ಬೀದಿಯ ಮೊದಲ ತೊಳೆತವನ್ನು ತಡೆದು ಸೋಸುವ ಹುಲ್ಲಿನ ಪಟ್ಟಿ ಹೆಚ್ಚು ಬೇಕಾಗಿರುವುದೂ ಅಲ್ಲೇ. 3 ಮೀಟರ್ ಅಗಲದಲ್ಲಿ ನಡಿಗೆಪಥ ಹಾಕಬಹುದು, ನೀರು ಸೋಸಲು ಆಗದು.

ಬೀದಿಯ ಮಟ್ಟದ ಕೆಲಸಗಳು ದುಬಾರಿಯಲ್ಲ, ಆದರೆ ಬೇಸರ ತರುವಂಥವು. 2009ರಿಂದ ಮಳೆನೀರು ಕೊಯ್ಲು ಕಡ್ಡಾಯವಾಗಿದೆ: ಹಳೆಯ ಕಟ್ಟಡವಾದರೆ 2,400 ಚದರ ಅಡಿಯಿಂದ, ಹೊಸದಾದರೆ 1,200 ಚದರ ಅಡಿಯಿಂದ ಮೇಲಿನ ನಿವೇಶನಗಳಿಗೆ. 100 ಚದರ ಮೀಟರಿನ ತಾರಸಿಯ ಮೇಲೆ 50 ಮಿ.ಮೀ. ಮಳೆ ಬಿದ್ದರೆ 5,000 ಲೀಟರ್ ನೀರು. ಬೀದಿಯಲ್ಲಿ ನೂರು ಮನೆಗಳು ಇಷ್ಟನ್ನು ತಡೆದರೆ ಒಂದು ಸಂಜೆಯ ಮಳೆಯಲ್ಲಿ 5 ಲಕ್ಷ ಲೀಟರ್ ಕಾಲುವೆಗೆ ಇಳಿಯುವುದಿಲ್ಲ. ತಾರಸಿಯ ನೀರು ಶುದ್ಧವಾಗಿರುವುದರಿಂದ ಅದನ್ನು ಸಂಪಿಗೂ ಇಂಗುಬಾವಿಗೂ ಬಿಡಬಹುದು. ಕೈಯಲ್ಲಿ ಬಾವಿ ತೋಡುವ ಕಸುಬಿನ ಮಣ್ಣು ವಡ್ಡರ ಸಮುದಾಯದವರು ಈ ನಗರದ ಸುತ್ತಮುತ್ತ ಇಂದಿಗೂ ಇದ್ದಾರೆ. ಕಬ್ಬನ್ ಉದ್ಯಾನದ ಹಳೆಯ ಬಾವಿಗಳು ಮತ್ತೆ ನೀರು ಕಂಡದ್ದು ಅವರ ಕೈಯಿಂದ. ರಸ್ತೆಯ ನೀರನ್ನು ಮಾತ್ರ ಮೊದಲು ಹೂಳು ಹಿಡಿಯುವ ಗುಂಡಿ, ಆಮೇಲೆ ಮಣ್ಣು ಮತ್ತು ಗಿಡಗಳ ಪಾತಿ ದಾಟಿಸಿಯೇ ಇಂಗಿಸಬೇಕು. ಏಪ್ರಿಲ್ ಮೊದಲ ವಾರದೊಳಗೆ ಮುಖ್ಯ ರಸ್ತೆಗಳ ಅಂಚಿನ ಧೂಳನ್ನು ಗುಡಿಸಿ ಸಾಗಿಸುವುದು, ಕಟ್ಟಡ ಕಾಮಗಾರಿಯ ಮರಳಿನ ರಾಶಿಗೆ ಅಡ್ಡಕಟ್ಟೆ ಇರುವಂತೆ ನೋಡಿಕೊಳ್ಳುವುದು, ಗ್ಯಾರೇಜುಗಳ ಹಳೆಯ ಆಯಿಲನ್ನು ಕೊಂಡು ಸಂಗ್ರಹಿಸುವುದು ಇವೆಲ್ಲ ಕೆರೆ ಸಂರಕ್ಷಣೆಯ ಕೆಲಸಗಳೇ. ಯಾವ ಕೆರೆಯ ಬಜೆಟ್ಟಿನಲ್ಲೂ ಇವು ಕಾಣುವುದಿಲ್ಲ.

ಆಡಳಿತದ ನಕ್ಷೆ ಇದೀಗ ಬದಲಾಗಿದೆ. 2025ರ ಸೆಪ್ಟೆಂಬರಿನಲ್ಲಿ ಬೃಹತ್ ಪಾಲಿಕೆ ಹೋಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರ ಪಾಲಿಕೆಗಳು ಬಂದಿವೆ. ಪಾಲಿಕೆಗಳ ಗಡಿ ವಾರ್ಡು ಮತ್ತು ರಸ್ತೆಗಳನ್ನು ಹಿಡಿದು ಹೋಗುತ್ತದೆ, ನೀರು ಇಳಿಜಾರನ್ನು ಹಿಡಿದು ಹೋಗುತ್ತದೆ. ಊರಿನ ನಡುವಿನ ಪಾಲಿಕೆ ಬಿಟ್ಟ ಕೊಳೆಯ ಬಿಲ್ಲು ಪೂರ್ವದ ಪಾಲಿಕೆಗೆ ಬಂದಾಗ ಜಗಳ ಬಿಡಿಸುವವರು ಯಾರು? ಪ್ರತಿ ಕಣಿವೆಗೆ ಒಬ್ಬ ಮುಖ್ಯ ಎಂಜಿನಿಯರ್, ಅವರ ಕೆಳಗೆ ಒಳಚರಂಡಿ, ಮಳೆನೀರು ಕಾಲುವೆ, ಕೆರೆ ಮೂರರ ಬಜೆಟ್ಟೂ ಒಟ್ಟಿಗೆ ಇರಬೇಕು. ಎರಡು ಕಾಲುವೆಗಳು ಕೂಡುವ ಪ್ರತಿ ಸಂಗಮದಲ್ಲೂ ಹರಿವಿನ ಅಳತೆ ಇಟ್ಟು, ಬೇಸಿಗೆಯ ಅಂಕಿಗಳನ್ನು ಪ್ರಕಟಿಸಬೇಕು. ಫೆಬ್ರವರಿಯಲ್ಲಿ ಯಾವ ಕವಲಿನಲ್ಲಿ ಎಷ್ಟು ನೀರು ಹರಿಯುತ್ತಿದೆ ಎಂದು ತಿಳಿದರೆ ಯಾವ ಬೀದಿಯ ಕೊಳವೆ ಒಡೆದಿದೆ ಎಂಬುದನ್ನು ಹಿಂದಕ್ಕೆ ನಡೆದು ಹುಡುಕಬಹುದು. ಇದಕ್ಕೆ ಹೊಸ ತಂತ್ರಜ್ಞಾನ ಬೇಕಿಲ್ಲ.

ಇದು ಬೆಂಗಳೂರಿನ ಜನರ ಮೂಗು ಮತ್ತು ಕಣ್ಣಿಗೆ ಸೇರಿದ ವಿಷಯ ಮಾತ್ರವಾಗಿ ಉಳಿದಿಲ್ಲ. ವರ್ತೂರಿನಿಂದ ಹೊರಟ ನೀರು ಹೊಸೂರಿನ ಬಳಿಯ ಕೆಲವರಪಲ್ಲಿ ಅಣೆಕಟ್ಟೆಯಲ್ಲಿ ಮತ್ತೆ ನೊರೆಯಾಗಿ ಏಳುತ್ತದೆ, ಅಲ್ಲಿನ ರೈತರ ಕಾಲುವೆಗಳಲ್ಲಿ ಹರಿಯುತ್ತದೆ. ವೃಷಭಾವತಿಯ ನೀರು ಬೈರಮಂಗಲದ ಸುತ್ತಲಿನ ಹೊಲಗಳನ್ನು ತಲುಪುತ್ತದೆ. 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರನ್ನು, ದಿನಕ್ಕೆ 44 ಕೋಟಿ ಲೀಟರ್ ಗುರಿಯೊಡನೆ, ಕೋಲಾರ ಮತ್ತು ಚಿಂತಾಮಣಿ ಕಡೆಯ 126 ಕೆರೆಗಳನ್ನು ತುಂಬಲು ಪಂಪ್ ಮಾಡಲಾಗುತ್ತಿದೆ. ಆ ವರ್ಷದ ಜುಲೈ ತಿಂಗಳಲ್ಲಿ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಂಡಾಗ ಹೈಕೋರ್ಟ್ ತಡೆ ನೀಡಿತ್ತು. ಪ್ರಕರಣ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಸೂಕ್ಷ್ಮಜೀವಿಗಳಿಂದ ಸಾವಯವ ಕೊಳೆಯನ್ನು ತೆಗೆಯುವ ಎರಡನೆಯ ಹಂತದ ಸಂಸ್ಕರಣೆ ಸಾಕು, ಕೆರೆಗಳ ಸರಣಿಯೇ ಉಳಿದದ್ದನ್ನು ಸೋಸುತ್ತದೆ ಎಂದು ಸರ್ಕಾರ ಹೇಳುತ್ತದೆ; ಅದರ ಬಳಿಕವೂ ಉಳಿಯುವ ಕೊಳೆಯನ್ನು ತೆಗೆಯುವ ಮೂರನೆಯ ಹಂತವಿಲ್ಲದೆ ಈ ನೀರನ್ನು ಇಂಗಿಸಬಾರದೆಂದು ಅಲ್ಲಿನ ಹೋರಾಟಗಾರರು ಹೇಳುತ್ತಾರೆ. ದಶಕಗಳ ಬರ ಕಂಡ ಜಿಲ್ಲೆಯಲ್ಲಿ ಬತ್ತಿದ್ದ ಕೆರೆಗಳು ತುಂಬಿವೆ, ಬಾವಿಗಳಲ್ಲಿ ನೀರು ಮೇಲೇರಿದೆ, ಆ ಬಾವಿಗಳ ನೀರನ್ನು ಜನ ಕುಡಿಯುತ್ತಾರೆ. ಬೆಳ್ಳಂದೂರಿನ ಹೂಳನ್ನು ಜೆಸಿಬಿಯಿಂದ ತೆಗೆದು ಲಾರಿಗೆ ತುಂಬಬಹುದು. ಬೆಂಗಳೂರಿನ ಬೀದಿಯಿಂದಲೋ ಬಚ್ಚಲಿನಿಂದಲೋ ಹೊರಟು ಕೋಲಾರದ ಬಂಡೆಗಳ ಬಿರುಕಿನಲ್ಲಿ ಇಳಿದು ನಿಂತ ರಾಸಾಯನಿಕವನ್ನು ಹಾಗೆ ತೆಗೆಯಲು ಬರುವುದಿಲ್ಲ.